ಮೈದುನನ ಇನ್ನೊಂದು ಸುತ್ತು

ನನ್ನ ಮೈದುನನನ್ನು ಕಂಡರೆ ಕಬ್ಬಿಣ ಬೆವರುತ್ತದೆ. ಉತ್ಪ್ರೇಕ್ಷೆ ಎನ್ನುತ್ತೀರಾ? ಬಬಲೇಶ್ವರದಲ್ಲಿ ಅವನ ಮನೆಯ ಮುಂದೆ ನಿಂತಿರುವ ಹಳೆಯ ಕಾರನ್ನೊಮ್ಮೆ ಕೇಳಿ ನೋಡಿ! ಹುಟ್ಟಿದಾಗಿನ ಸುರುಳಿ ಥ್ರೆಡ್ಡನ್ನು ಇನ್ನೂ ಉಳಿಸಿಕೊಂಡ ಬೋಲ್ಟು ಅದರಲ್ಲಿ ಒಂದಾದರೂ ಇದ್ದರೆ, ಅದು ಅವನ ಕೈಗೆ ಸಿಕ್ಕಿಲ್ಲವೆಂದೇ ಅರ್ಥ.

ಇವನು ನನ್ನ ಧರ್ಮಪತ್ನಿಯ ಒಬ್ಬನೇ ತಮ್ಮ, ಗಣಿತದ ಮಾಸ್ತರನಾಗಿದ್ದವನು. ನಿವೃತ್ತರಾದ ಮೇಲೆ ಸಜ್ಜನರು ಜಪಮಾಲೆ ಹಿಡಿಯುತ್ತಾರೆ. ಇವನು ನಟ್ಟು ಬಿಗಿಯುವ ಪಾನಾ ಹಿಡಿದನು. ಅವನ ತತ್ತ್ವದರ್ಶನ ಒಂದೇ: ಈ ಜಗತ್ತಿನಲ್ಲಿ ಯಾವುದೂ ಸಾಕಷ್ಟು ಬಿಗಿಯಾಗಿಲ್ಲ! “ಇನ್ನೊಂದ ಸುತ್ತ ಬರತೈತಿ, ತಡೀರಿ” ಎನ್ನುವುದೇ ಅವನ ಮೂಲಮಂತ್ರ. ಆ ಇನ್ನೊಂದು ಸುತ್ತಿಗೆ ಬೋಲ್ಟಿನ ಮೈಮೇಲಿನ ಸುರುಳಿ ಗೆರೆಗಳೆಲ್ಲ ಸವೆದು ಪುಡಿಯಾಗುತ್ತವೆ. ಆಮೇಲೆ ಅದು ಸಂಸಾರ ತೊರೆದ ವಿರಕ್ತನಂತೆ, ಎತ್ತ ತಿರುಗಿಸಿದರೂ ನಿರ್ಲಿಪ್ತವಾಗಿ ತಿರುಗುತ್ತಿರುತ್ತದೆ. ಕಾರ್ಖಾನೆಯವರು ಸೃಷ್ಟಿಕರ್ತರು, ಮಿಸ್ತ್ರಿಗಳು ಸ್ಥಿತಿಕರ್ತರು. ಮೂರನೆಯ ಕಾರ್ಯಕ್ಕೆ ಭಗವಂತನು ನಮ್ಮ ಮಾವನ ಮನೆಯಿಂದ ಇವನನ್ನು ಆರಿಸಿಕೊಂಡಿದ್ದಾನೆ.

ಒಮ್ಮೆ ತಿಕೋಟಾದ ನಮ್ಮ ಮನೆಗೆ ಬಂದವನು, ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪೂಜೆಯ ಗಂಟೆಯ ಹಿಡಿಯನ್ನು ಬಿಗಿದಿಟ್ಟಿದ್ದನು. ಮಂಗಳಾರತಿಯ ಹೊತ್ತಿಗೆ ಭಕ್ತಿಯಿಂದ ಎತ್ತಿದೆ. ಹಿಡಿ ನನ್ನ ಕೈಯಲ್ಲಿ, ಗಂಟೆ ನಂದಿಯ ನೆತ್ತಿಯ ಮೇಲೆ!

“ಹೊಸಾದ ತರೂಣ ಬಿಡ್ರಿ ಮಾಮಾ. ಇದರ ಹಿತ್ತಾಳಿ ಭಾಳ ಹಗರ ಇತ್ತು” ಎಂದನು.

ಮೂರು ತಲೆಮಾರು ಬಾರಿಸಿದ ಗಂಟೆ ಅದು! ಹಗುರವಾದದ್ದು ಹಿತ್ತಾಳೆಯೋ, ಇನ್ನೇನೋ ಎಂದು ಕೇಳಬೇಕೆನಿಸಿತು. ಪೂಜೆಯ ನಡುವೆ ಕಟುನುಡಿ ಸಲ್ಲದೆಂದು ಗಂಟೆಯಿಲ್ಲದೆಯೇ ಆರತಿ ಮುಗಿಸಿದೆ.

ಇನ್ನೊಂದು ಸಲ, ವಿಜಯಪುರದ ಗಾಂಧಿ ಚೌಕದಲ್ಲಿ ಪೂಜಾಸಾಮಗ್ರಿ ಕೊಂಡು ಅವನ ಕಾರಿನಲ್ಲಿ ಹಿಂದಿರುಗುತ್ತಿದ್ದೆವು. ತೊರವಿ ದಾಟುತ್ತಿದ್ದಂತೆ ಎದುರಿನ ಫಲಕದಲ್ಲಿ ಕೆಂಪು ದೀಪ ಉರಿಯಿತು. ಇಳಿದು ನೋಡಿದರೆ ಎಂಜಿನ್ನಿನ ಎಣ್ಣೆ ರಸ್ತೆಯುದ್ದಕ್ಕೂ ರಂಗೋಲಿ ಬರೆದಿದೆ! ಆ ಮುಂಜಾನೆ ತಾನೇ ಎಣ್ಣೆ ಬದಲಿಸಿ, ಕೆಳಗಿನ ಬೋಲ್ಟಿಗೆ ಇನ್ನೊಂದು ಸುತ್ತು ಕೊಟ್ಟಿದ್ದನಂತೆ. ಅವನೇನು ಎದೆಗುಂದಿದನೇ? ನನ್ನ ಚೀಲಕ್ಕೆ ಕೈ ಹಾಕಿ ದೀಪದ ಬತ್ತಿಗಳ ಕಟ್ಟನ್ನೇ ಹೊರತೆಗೆದು, ಬೋಲ್ಟಿಗೆ ಸುತ್ತತೊಡಗಿದನು.

“ಲೇ, ಅದು ದೇವರ ಬತ್ತಿ!”

“ಬತ್ತಿ ಎಣ್ಣ್ಯಾಗ ಇರೂದಾ ಧರ್ಮ ಅಲ್ಲೇನ್ರಿ ಮಾಮಾ?”

ಶಾಸ್ತ್ರ ಓದಿದ ನನಗಿಂತ ಮೊದಲೇ ಉತ್ತರವನ್ನು ಬತ್ತಿಯೇ ಕೊಟ್ಟಿತು. ಎಣ್ಣೆಯನ್ನು ಹೀರಿ ಹೊರಗೆ ತರುವುದು ಅದರ ಸ್ವಧರ್ಮವಲ್ಲವೇ? ಫರ್ಲಾಂಗು ಹೋಗುವಷ್ಟರಲ್ಲಿ ಉಳಿದದ್ದನ್ನೂ ಶ್ರದ್ಧೆಯಿಂದ ಹೊರಗೆ ತಂದು ಮುಗಿಸಿತ್ತು!

ಯಾರದೋ ಟ್ರ್ಯಾಕ್ಟರಿಗೆ ಕಾರನ್ನು ಕಟ್ಟಿಕೊಂಡು ಮತ್ತೆ ಪಟ್ಟಣಕ್ಕೆ ಬಂದೆವು. ಚೌಕದ ಹಿಂದಿನ ಓಣಿಯ ಕಬ್ಬಿಣ ಕಡೆಯುವ ಲೇತಿನ ಅಂಗಡಿಯ ಮಿಸ್ತ್ರಿ ಒಬ್ಬ ತಪಸ್ವಿ. ಹಾಳಾದ ರಂಧ್ರವನ್ನು ಕೊಂಚ ಹಿಗ್ಗಿಸಿ, ಹೊಸ ಥ್ರೆಡ್ಡು ಕೊರೆದು, ಅದರೊಳಗೆ ಉಕ್ಕಿನ ತಂತಿಯ ಸಣ್ಣ ಸುರುಳಿಯೊಂದನ್ನು ಕೂರಿಸಿದನು. ಬೋಲ್ಟು ಇನ್ನು ಆ ಸುರುಳಿಯನ್ನು ಹಿಡಿದು ನಿಲ್ಲಬೇಕು. ಮುರಿದ ವಿಗ್ರಹಕ್ಕೆ ಪುನಃ ಪ್ರಾಣಪ್ರತಿಷ್ಠೆ ಮಾಡಿದಂತಿತ್ತು ಆ ಕೈಚಳಕ.

“ಸರ, ಎರಡ ಬೆರಳಲೆ ತಿರುವ್ರಿ. ಆಮ್ಯಾಲ ಪಾನಾದಲೆ ಇಷ್ಟಾ... ಸಾಕ್ರಿ.”

“ಇಷ್ಟಾ ಅಂದ್ರ ಎಷ್ಟೋ?”

“ಇಷ್ಟಾ ಅಂದ್ರ ಇಷ್ಟಾ ರೀ ಸರ!”

ಮಿಸ್ತ್ರಿ ಕೈ ತೊಳೆಯಲು ತಿರುಗಿದನು. ನನ್ನ ಮೈದುನ, ಜಾರಿದ ಚಪ್ಪಲಿ ಹುಡುಕುವವನಂತೆ ಕಾರಿನ ಕೆಳಗೆ ನುಸುಳಿದನು. ಕಟ್ ಎಂದಿತು. ಮಿಸ್ತ್ರಿ ತಿರುಗಿಯೂ ನೋಡಲಿಲ್ಲ.

“ಬರ್ರಿ ಸರ, ಒಳಗ ಬರ್ರಿ. ಮಷೀನ ಇನ್ನಾ ಬಂದ ಮಾಡಿಲ್ಲ.”

ಈ ಕಥೆಯನ್ನೆಲ್ಲ ಕೇಳಿದ ನನ್ನ ಹೆಂಡತಿ ಅಂದೇ ಪ್ರತಿಜ್ಞೆ ಮಾಡಿದಳು. ತಾಯಿಯಿಲ್ಲದ ಆ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳೇ.

“ಲೇ ತಮ್ಮಾ, ಇದ್ದ ನಟ್ಟ ಇದ್ದಂಗ ಬಿಡೂದ ನಿನಗ ಎಂದ ಬರತೈತಿ, ಅಂದ ನಿನ್ನ ಗಾಡ್ಯಾಗ ಕುಂದರ್ತೇನಿ. ಅಲ್ಲೀತನಾ ನನಗ ಬಸ್ಸ ಐತಿ.”

ಅವನ ಮುಖ ಸಣ್ಣದಾಯಿತು. ಅಕ್ಕನೊಮ್ಮೆ ತನ್ನ ಕಾರಿನಲ್ಲಿ ಕುಳಿತುಕೊಳ್ಳಬೇಕು ಎಂಬುದೊಂದೇ ಅವನ ಹಂಬಲವಾಯಿತು. ಅವಳು ಪಟ್ಟಣಕ್ಕೆ ಹೊರಟಳೆಂದರೆ ಸಾಕು, ಕಾರು ತೊಳೆದುಕೊಂಡು ಬಬಲೇಶ್ವರದಿಂದ ತಿಕೋಟಾಕ್ಕೆ ಬಂದು ಬಾಗಿಲು ತೆರೆದು ನಿಲ್ಲುವನು. ಅವಳು ಬಸ್ಸು ಹತ್ತುವಳು. ಇವನು ಖಾಲಿ ಕಾರಿನಲ್ಲಿ ಬಸ್ಸಿನ ಬೆನ್ನಿಗೇ ವಿಜಯಪುರದವರೆಗೆ ಹೋಗುವನು!

“ಹಿಂದ ಹಿಂದ ಬರಾಕತ್ತಾರಲ್ರಿ, ಯಾರ್ರಿ ಅವರು?” ಎಂದು ಕಂಡಕ್ಟರ್ ಒಮ್ಮೆ ಕೇಳಿದನಂತೆ.

“ನನ್ನ ತಮ್ಮರೀಪಾ. ಬಸ್ಸಿನ ನಟ್ಟ ಬಿಗ್ಯಾಕ ಬರಾಕತ್ತಾನ. ಜೋರ ಹೊಡೀ ಅನ್ನು ಡ್ರೈವರಗ!” ಎಂದಳಂತೆ ಇವಳು.

ಕಳೆದ ತಿಂಗಳು ವಿಜಯಪುರದಲ್ಲಿ ಅವಳ ಕಣ್ಣಿನ ಪೊರೆ ತೆಗೆಸಿದೆವು. ಮನೆಗೆ ಕಳುಹಿಸುವಾಗ ಡಾಕ್ಟರು, “ನೂಕುನುಗ್ಗಲಿನ್ಯಾಗ ಕಣ್ಣಿಗಿ ಪೆಟ್ಟಗಿಟ್ಟ ಬಿದ್ದೀತು. ಬಸ್ಸ ಹತ್ತಬ್ಯಾಡ್ರಿ ಅಮ್ಮಾರ” ಎಂದರು. ಹೊರಗೆ ಮೈದುನ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದನು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಇವಳು ಇನ್ನೊಂದರಿಂದ ಅವನನ್ನು ದುರುಗುಟ್ಟಿ ನೋಡಿ, ಮೆಟ್ಟಿಲ ಮೇಲಿನ ಬೆಂಚಿನಲ್ಲಿ ಕುಳಿತುಬಿಟ್ಟಳು.

“ಆಟೋ ನೋಡ್ರಿ” ಎಂದಳು ನನಗೆ.

ಅವನು ನನ್ನ ತೋಳು ಹಿಡಿದು ಕಾರಿನ ಹಿಂಬದಿಗೆ ಕರೆದೊಯ್ದನು.

“ಮಾಮಾ, ಮುಂಜಾನೆ ಮಿಸ್ತ್ರಿ ಈ ಗಾಲಿಗಿ ಹೊಸಾ ಬೋಲ್ಟ, ನಟ್ಟ ಹಾಕ್ಯಾನ್ರಿ. ಒಂದೀಟ ಓಡಿಸಿದ ಮ್ಯಾಲ ಪಾನಾ ಹಚ್ಚಿ ನೋಡ್ರಿ ಅಂದಾನ. ನೀವ ನೋಡ್ರಿ.”

“ಯಾಕಪಾ? ನೀನಾ ಇನ್ನೊಂದ ಸುತ್ತ ಹಾಕು. ಗಾಲಿ ಇಲ್ಲೇ ಬಿಟ್ಟ ಹೋಗೂಣು!”

ಅವನು ನಗಲಿಲ್ಲ. ಬೆಂಚಿನತ್ತ ಒಮ್ಮೆ ನೋಡಿ, ದನಿ ತಗ್ಗಿಸಿದನು.

“ಬೆರಳಿಗಿ ಏನೂ ತಿಳಿಯೂದಿಲ್ರಿ ಮಾಮಾ. ಸಕ್ರಿ ಬ್ಯಾನಿ ಬೆರಳಿಗಿ ಇಳದು ಮೂರ ವರ್ಷಾತು. ಏನ ಮುಟ್ಟಿದ್ರೂ ಸಡ್ಲ ಅನಸ್ತೈತಿ. ಬಿಗಿ ಆತೋ ಇಲ್ಲೋ ಅಂತ ಹೆದರಿ ಇನ್ನೊಂದ ಸುತ್ತ ಹಾಕ್ತೇನಿ... ಇವತ್ತ ಅಕ್ಕ ಕುಂದರಾಕಿ. ಆಕಿಗಿ ಹೇಳಬ್ಯಾಡ್ರಿ, ಭಾಳ ಮನಸ್ಸಿಗಿ ಹಚ್ಚಿಕೋತಾಳ.”

ಪಂಚೆ ಎತ್ತಿ ಕಟ್ಟಿ ಧೂಳಿನಲ್ಲಿ ಕುಳಿತೆ. ಅವನು ಪಾನಾ ಹಿಡಿದನು. ಅವನ ಕೈಯ ಮೇಲೆ ನನ್ನ ಕೈ ಇಟ್ಟೆ. ನಟ್ಟು ಮೆಲ್ಲನೆ ತಿರುಗಿ, ಗಟ್ಟಿಯಾಗಿ ನಿಂತಿತು.

“ಸಾಕು” ಎಂದೆ.

ಕೈ ನಿಂತಿತು. ನಾಲ್ಕು ನಟ್ಟು, ನಾಲ್ಕು ಸಲ ಸಾಕು. ನಾಲ್ಕು ಸಲವೂ ನಿಂತಿತು.

“ಏಳು, ಕಾರಿನ್ಯಾಗ ಕೂಡು. ನಟ್ಟ ನಾ ಬಿಗದೇನಿ” ಎಂದು ಹೆಂಡತಿಗೆ ಹೇಳಿದೆ.

“ನೀವಾ? ಜಲ್ಮದಾಗ ಪಾನಾ ಹಿಡದೀರೇನ? ಅದಕ್ಕಿಂತ ಅವನಾ ವಾಸಿ!” ಎಂದವಳು ತಮ್ಮನ ಹೆಗಲ ಮೇಲೆ ಕೈಯೂರಿ ಮೆಟ್ಟಿಲಿಳಿದು, ಮುಂದಿನ ಸೀಟಿನಲ್ಲಿ ಅವನ ಪಕ್ಕದಲ್ಲೇ ಕುಳಿತಳು. ತಿಕೋಟಾ ಬರುವವರೆಗೆ ಅವನು ಮೊಟ್ಟೆಗಳನ್ನು ಸಾಗಿಸುವವನಂತೆ ಕಾರು ನಡೆಸಿದನು.

ಅಂದು ಸಂಜೆ ಪೂಜೆಗೆ ಕುಳಿತಾಗ ನೋಡಿದೆ: ಸ್ನಾನವಾಗಿದ್ದರೂ ಬೆರಳ ಸಂದಿಯಲ್ಲಿ ಗ್ರೀಸಿನ ಕರೆ ಹಾಗೆಯೇ ಇತ್ತು. ಅದನ್ನು ತೊಳೆಯಲೆಂದು ನಾನು ಏಳಲಿಲ್ಲ. ಆ ಕೈಯಲ್ಲೇ ದೇವರಿಗೆ ಹೂವೇರಿಸಿದೆ.