ಗಾಳಿಯಲ್ಲೊಂದು ಕಿಟಕಿ

ನ್ಯಾಯ ಹೇಳುವುದು ಸುಲಭ ಎಂದುಕೊಂಡವರು ಒಮ್ಮೆ ಬೇಸ್‌ಬಾಲ್ ಅಂಪೈರಾಗಿ ನಿಲ್ಲಬೇಕು. ನಾನು ಪರ್ತ್‌ನಲ್ಲಿ ಗಣಿ ಕಂಪನಿಯೊಂದರ ಭೂವಿಜ್ಞಾನಿ. ಕಲ್ಲು ನೋಡಿ ಒಳಗಿನ ಕಬ್ಬಿಣ ಹೇಳುವವನಿಗೆ ಚೆಂಡು ಯಾವ ಲೆಕ್ಕ ಎಂಬ ಧಿಮಾಕಿತ್ತು. ಹಾಗಾಗಿ ಥಾರ್ನ್ಲಿಯ ಮೈದಾನದಲ್ಲಿ ಶನಿವಾರದ ಸ್ನೇಹಪಂದ್ಯಕ್ಕೆ ಅಂಪೈರ್ ಕೈಕೊಟ್ಟಾಗ, ನೋಡಲು ಹೋಗಿದ್ದ ನಾನೇ ಮುಖಕವಚ ತೊಟ್ಟು ನಿಂತುಬಿಟ್ಟೆ.

ಕೆಲಸ ಇಷ್ಟೇ. ನೆಲದಲ್ಲೊಂದು ಬಿಳಿ ಪ್ಲೇಟು. ಅದರ ಅಗಲಕ್ಕೆ, ಬ್ಯಾಟುಗಾರನ ಮೊಣಕಾಲಿನಿಂದ ಎದೆಯವರೆಗೆ, ಗಾಳಿಯಲ್ಲೊಂದು ಕಾಣದ ಕಿಟಕಿ. ಎಸೆದ ಚೆಂಡು ಅದರೊಳಗೆ ಹಾದರೆ ಸ್ಟ್ರೈಕ್, ತಪ್ಪಿದರೆ ಬಾಲ್. ಮೂರು ಸ್ಟ್ರೈಕ್ ಆದರೆ ಬ್ಯಾಟುಗಾರ ಔಟ್.

ಒಂದು ತಂಡದಲ್ಲಿ ರೇ ಎಂಬ ಬಿಳಿಗೂದಲಿನ ಪಿಚರ್. ಚೆಂಡನ್ನು ಹೇಳಿದ ಜಾಗಕ್ಕೇ ಹಾಕುವವನೆಂದು ಊರೆಲ್ಲ ಹೆಸರು. ಅವನ ಮೊದಲ ಚೆಂಡು ಪ್ಲೇಟಿನಿಂದ ಗೇಣುದ್ದ ಆಚೆ ಹೋಯಿತು. ಆದರೆ ಬ್ಯಾಟುಗಾರನ ಹಿಂದೆ ಕುಳಿತ ಕ್ಯಾಚರ್ ಅಲ್ಲೇ ಕೈಗವಸು ಹಿಡಿದಿದ್ದ. ಅದು ಅಲುಗಲೇ ಇಲ್ಲ. ನನ್ನ ಬಾಯಿ ತಾನಾಗಿ "ಸ್ಟ್ರೈಕ್!" ಎಂದಿತು.

ಇನ್ನೊಂದು ತಂಡಕ್ಕೆ ಎಸೆಯುತ್ತಿದ್ದವನು ವೆಂಕಟೇಶ. ಮೈಸೂರಿನವನು, ಹ್ಯಾರಿಸ್‌ಡೇಲ್‌ನಲ್ಲಿ ನನ್ನ ನೆರೆಯವನು. ಮೈದಾನಕ್ಕೆ ನನ್ನನ್ನು ಕರೆತಂದದ್ದೂ ಅವನ ಕಾರೇ. ಅವನ ಚೆಂಡು ಕಿಟಕಿಯ ನಟ್ಟನಡುವೆ ಬಂತು. ಆದರೆ ಅವನ ಕ್ಯಾಚರ್ ಬೇರೆಲ್ಲೋ ಕಾಯುತ್ತಿದ್ದವನು ಹಾರಿ, ಉರುಳಿ, ಧೂಳೆಬ್ಬಿಸಿ ಹಿಡಿದ. ಅಷ್ಟು ಒದ್ದಾಡಿ ಹಿಡಿದದ್ದು ಒಳ್ಳೆಯ ಚೆಂಡಾಗಿರಲು ಸಾಧ್ಯವೇ? "ಬಾಲ್!" ಎಂದೆ.

"ಏನ್ ಸಾರ್, ನಮ್ಮೂರೋರಾಗಿ ನೀವೇ ಹಿಂಗಂದ್ರೆ?" ಎಂದ ವೆಂಕಟೇಶ.

ನಾನೊಬ್ಬನೇ ಹೀಗಲ್ಲ. ಇಲ್ಲಿನ ಕನ್ನಡಿಗರ ಹಬ್ಬದೂಟಗಳಲ್ಲಿ, ಅಡುಗೆಗೆ ಹೆಸರಾದ ಶಾಂತಾ ಆಂಟಿಯ ಬಿಸಿಬೇಳೆಬಾತನ್ನು ಮುಚ್ಚಳ ತೆಗೆಯುವ ಮೊದಲೇ ಹೊಗಳುತ್ತಾರೆ. ನನ್ನ ಹೆಂಡತಿಯದನ್ನು ಎರಡು ಸಲ ಬಡಿಸಿಕೊಂಡ ಮೇಲೂ "ಉಪ್ಪು ಸ್ವಲ್ಪ..." ಎಂದು ಯೋಚಿಸುತ್ತಾರೆ.

ಕೊನೆಯ ಸರದಿಗೆ ವೆಂಕಟೇಶನೇ ಬ್ಯಾಟು ಹಿಡಿದ. ಅವನ ತಂಡ ಒಂದೇ ರನ್ನಿನಿಂದ ಹಿಂದಿತ್ತು. ಅವನು ಔಟಾದರೆ ಆಟ ಮುಗಿಯಿತು. ಎರಡು ಸ್ಟ್ರೈಕ್ ಆಗಿತ್ತು. ರೇ ಎಸೆದ ಚೆಂಡು ತೀರಾ ಹೊರಗೆ ಹೋಯಿತು. ವೆಂಕಟೇಶ ಮುಟ್ಟದೆ ಬಿಟ್ಟ. ರೇ ಮಾತ್ರ ನನ್ನತ್ತ ನೋಡಲೂ ಇಲ್ಲ. ಆಟ ಮುಗಿಯಿತೆಂಬಂತೆ ಟೋಪಿ ತೆಗೆದು ನಡೆಯತೊಡಗಿದ. ಹೊರಟವನನ್ನು ವಾಪಸು ಕರೆಯುವುದು ಹೇಗೆ? "ಸ್ಟ್ರೈಕ್!" ಎಂದೆ.

ರೇ ಬಂದು ಕೈಕುಲುಕಿದ. "ಥ್ಯಾಂಕ್ಸ್, ಮೇಟ್. ಅದು ಒಂದು ಮೊಳ ಆಚೆ ಇತ್ತು" ಎಂದು ನಕ್ಕ.

ವಾಪಸಾಗುವಾಗಲೂ ವೆಂಕಟೇಶನದೇ ಕಾರು. ದಾರಿಯಲ್ಲಿ ಕೇಳಿದ, "ನಿಜ ಹೇಳಿ ಸಾರ್, ಆ ಕೊನೇ ಬಾಲ್ ಒಳಗಿತ್ತಾ?"

"ರೇ ಹಾಕಿದ್ದಲ್ವಾ..." ಎಂದೆ.

"ನಾನ್ ಹಾಕಿದ್ರೆ?"

"ನೀವ್ ಹಾಕಿದ್ರೆ ನೋಡ್ಬೇಕಾಗ್ತಿತ್ತು."

ಅವನು ಸದರ್ನ್ ರಿವರ್‌ನ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕಾರು ನಿಲ್ಲಿಸಿದ. "ಇಳೀರಿ ಸಾರ್, ನಿಮ್ಮನೆ ಬಂತು."

"ಇನ್ನೂ ಹ್ಯಾರಿಸ್‌ಡೇಲೇ ಬಂದಿಲ್ವಲ್ಲ ವೆಂಕಟೇಶ್!"

"ನಂಗೆ ಬಂದಂಗೇ ಕಾಣ್ತಿದೆ."

ಅಂಪೈರ್ ಆದವನು ತೀರ್ಪನ್ನು ಪ್ರಶ್ನಿಸಬಾರದು. ಇಳಿದು ನಡೆದೆ.