ಕೊಂಬೆಯ ಮೇಲಿನ ಗಂಟು

ಗಡಿಯಾರ ರಿಪೇರಿಯವನ ಪಜೀತಿಗೆಲ್ಲ ಕಾರಣ ಗೇಣುದ್ದದ ಒಂದು ಗಂಟು. ಉದ್ಯಾನದ ಕೊಳದ ಪಕ್ಕದ ಮರದಲ್ಲಿ, ಕೊಂಬೆಗೆ ಉದ್ದುದ್ದಕ್ಕೆ ಅಂಟಿಕೊಂಡಿತ್ತು. ಅವನ ಕಣ್ಣಿಗೆ ಅದು ನತ್ತಿಂಗ; ತೊಗಟೆಯ ಬಣ್ಣದ, ಹಗಲೆಲ್ಲ ಅಲುಗದೆ ಮಲಗುವ ಹಕ್ಕಿ.

ಪಕ್ಷಿವೀಕ್ಷಕರ ಸಂಘದಲ್ಲಿ ಮೊದಲು ನೂರು ಬಗೆಯ ಹಕ್ಕಿ ಬರೆಸಿದವರಿಗೆ ರಜೆಯ ಸರೋವರ ಪ್ರವಾಸದ ಜೀಪಿನಲ್ಲಿ ಉಳಿದಿದ್ದ ಒಂದೇ ಸೀಟು. ಬಿಸಿಲು, ಮಳೆ, ಚಳಿ ಎನ್ನದೆ ಅಲೆದು ಅವನು ತೊಂಬತ್ತೊಂಬತ್ತು ಮಾಡಿದ್ದ. ಹೆಂಡತಿಯ ತಮ್ಮನದೂ ಅಷ್ಟೇ. ಸಂಘದ ನಿಯಮದಂತೆ ಹಕ್ಕಿಯನ್ನು ಎಬ್ಬಿಸುವಂತಿಲ್ಲ, ಇನ್ನೊಬ್ಬ ಸದಸ್ಯರ ಸಾಕ್ಷಿ ರುಜು ಬೇಕೇ ಬೇಕು.

ಸಂಘದ ಪುಸ್ತಕ ಹಿಡಿದು ಬಂದ ನಿವೃತ್ತ ಹೆಡ್‌ಮೇಡಂ ಅವನ ಮಾತನ್ನು ಬರೆದುಕೊಂಡು, ದುರ್ಬೀನು ಏರಿಸಿದರು.

"ಕೊಕ್ಕೆಲ್ಲಿ?"

"ಬಲು ಪುಟ್ಟದು ಮೇಡಂ, ಕಾಣಲ್ಲ."

"ಕಣ್ಣು?"

"ಮುಚ್ಕೊಂಡಿದೆ."

"ಹಾಗಾದ್ರೆ ನೀವು ನೋಡಿದ್ದೇನು?"

ಜೊತೆಗೇ ಬಂದಿದ್ದ ಭಾವಮೈದ ಇಣುಕಿದ. "ದಿನವಿಡೀ ಕಣ್ಣಿಗೆ ಮಸೂರ ಸಿಕ್ಕಿಸ್ಕೊಂಡು ಕೂತ್ರೆ ಸೊಳ್ಳೆನೂ ಹದ್ದಾಗುತ್ತೆ ಭಾವ."

"ಇದಾ?" ಎಂದ ಮಾಲಿ. "ಹೋದ ವರ್ಷ ನಾನೇ ರೆಂಬೆ ಕಡಿದ ಜಾಗ ಸ್ವಾಮಿ. ಗಂಟು ಕಟ್ಟಿದೆ."

ಹತ್ತು ಬಾಯಿ ಸೇರಿದರೆ ಹಸುವೂ ಕತ್ತೆಯೇ. ಮಧ್ಯಾಹ್ನದ ಹೊತ್ತಿಗೆ ಅವನ ಕತ್ತು ಕೊಕ್ಕರೆಯಂತಾಯಿತು. ಒಮ್ಮೆ ಗಂಟು ಉಸಿರಾಡಿತು. ಉಸಿರಾಡಿದ್ದು ತಾನೇ ಎಂದು ಆಮೇಲೆ ತಿಳಿಯಿತು. ಎಡಗಣ್ಣಿಗೆ ಹಕ್ಕಿ, ಬಲಗಣ್ಣಿಗೆ ಕಟ್ಟಿಗೆ.

ಚಳಿಗಾಲದ ಬೆಳಕು ಕರಗತೊಡಗಿತು. "ಪುಸ್ತಕ ಮುಚ್ಬೇಕು," ಎಂದರು ಹೆಡ್‌ಮೇಡಂ. "ಸುಳ್ಳು ಹಕ್ಕಿ ಅಂತಾದ್ರೆ ಇದ್ದ ತೊಂಬತ್ತೊಂಬತ್ತೂ ಹೊಡೆದು ಹಾಕ್ತೀನಿ. ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಹಕ್ಕಿನೋ, ಗಂಟೋ?"

ಅವನು ಪುಸ್ತಕ ಎಳೆದುಕೊಂಡ. 'ಹಕ್ಕಿಯಲ್ಲ, ಗಂಟು' ಎಂದು ಬರೆದು ರುಜು ಹಾಕಿದ.

"ಈಗ ಬುದ್ಧಿ ಬಂತು," ಎಂದು ಮಾಲಿ ಹೊರಟ. ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು.

ಗಂಟು ಬಾಯಗಲಿಸಿ ಆಕಳಿಸಿತು. ಮೈ ಮುರಿಯಿತು. ರೆಕ್ಕೆ ಬಿಚ್ಚಿ, ಸದ್ದಿಲ್ಲದೆ ಕೊಳದ ಮೇಲೆ ಹಾರಿಹೋಯಿತು.

"ನತ್ತಿಂಗ," ಎಂದ ಭಾವಮೈದ ತಣ್ಣಗೆ. "ಬರ್ಕೊಳ್ಳಿ ಮೇಡಂ, ನನ್ನ ನೂರನೇದು."

"ಮೊದ್ಲು ಹೇಳಿದ್ದು ನಾನು," ಎಂದ ಗಡಿಯಾರದವನು.

"ಅಲ್ಲ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ," ಎಂದರು ಹೆಡ್‌ಮೇಡಂ. ಭಾವಮೈದನ ಕಡೆ ತಿರುಗಿದರು. "ಆದ್ರೆ ಕನ್ನಡಕ ಇಲ್ಲದೆ ನಂಗೆ ಏನೂ ಕಾಣ್ಲಿಲ್ಲಪ್ಪ. ಮಾಲಿ ಸದಸ್ಯನಲ್ಲ. ಸಾಕ್ಷಿ ಯಾರು?"

ಭಾವಮೈದ ಪೆನ್ನನ್ನು ಗಡಿಯಾರದವನ ಕೈಗಿಟ್ಟ.

"ಕಣ್ಣಾರೆ ನೋಡಿದೋರು ನೀವೊಬ್ರೇ ಭಾವ. ಸುಳ್ಳು ಹೇಳೋ ಜಾತಿ ಅಲ್ಲ ನೀವು. ರುಜು ಸ್ವಲ್ಪ ಬಿಡಿಸಿ ಹಾಕಿ."