ಅಕ್ಕನ ಆತ್ಮಸಾಕ್ಷಿ, ನನ್ನ ಮನವಿ

ಅನ್ಯಾಯವನ್ನು ಕಂಡಲ್ಲಿ ಅದನ್ನು ಹೆಸರು ಹಿಡಿದು ಕರೆಯಬೇಕೆಂಬುದು ನನ್ನ ವ್ರತ. ಆ ವ್ರತದ ಉಪವಾಸ ಮಾತ್ರ ಬೇರೆಯವರ ಪಾಲಿಗೆ ಬೀಳುತ್ತದೆಂದು ತಿಳಿಯಲು ನನಗೆ ಮೂವತ್ತೈದು ವರ್ಷ ಬೇಕಾಯಿತು. ಹೊಸೂರಿನ ಬಸ್ಸು ಹತ್ತು ನಿಮಿಷ ತಡವಾದರೂ ಅದರಲ್ಲಿ ಪ್ರಜೆಯ ಹಕ್ಕಿನ ಉಲ್ಲಂಘನೆಯನ್ನು ಕಂಡು, ದುಂಡಗಿನ ಕೈಬರಹದಲ್ಲಿ ಮನವಿ ಬರೆದವನು ನಾನು.

ಹೊಸೂರಿನ ಪಕ್ಕದ ಆಲಸನತ್ತದ ನಮ್ಮ ಮನೆಯಲ್ಲಿ ಇದ್ದವರು ಇಬ್ಬರೇ: ಸರ್ಕಾರಿ ಶಾಲೆಯ ಮೇಷ್ಟ್ರಾದ ನಾನು, ಹತ್ತಿರದ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದ ಅಕ್ಕ. ತುರ್ತು ಪರಿಸ್ಥಿತಿಯ ದಿನಗಳು. ಕಣ್ಣಿಗೆ ಔಷಧಿ ಹಾಕುತ್ತಾರೆಂದು ನಂಬಿಸಿ ರೈತನೊಬ್ಬನನ್ನು ಸಂತಾನಹರಣ ಶಿಬಿರಕ್ಕೆ ಕರೆತಂದಿದ್ದರು. ಅವನು ಮನಸಾರೆ ಒಪ್ಪಿದ್ದಾನೆಂದು ಅಕ್ಕ ಬರೆದುಕೊಡಬೇಕಿತ್ತು. ಅವಳು ಬರೆಯಲಿಲ್ಲ, ವಿಷಯ ತಿಳಿಸಿ ಅವನನ್ನು ಮನೆಗೆ ಕಳಿಸಿದಳು. ಡಾಕ್ಟರು ಬೈದು ಸುಮ್ಮನಾದರು.

"ಅಲ್ಲಿಗೆ ಮುಗೀತು ಕಣ್ಲಾ. ನೀನು ಯಾರ್ ತಾವೂ ಬಾಯಿ ಬುಡ್ಬ್ಯಾಡ," ಎಂದು ಮುದ್ದೆ ತಿರುವುತ್ತ ಹೇಳಿದಳು.

ನಾನು ಬಾಯಿ ಬಿಡಲಿಲ್ಲ, ಟೈಪ್ ಮಾಡಿಸಿದೆ. ಜಿಲ್ಲಾ ಕಚೇರಿಗೆ ಕಳಿಸಿದ ಆ ಮೂರು ಪುಟಗಳ ಮನವಿಯಲ್ಲಿ, ಆತ್ಮಸಾಕ್ಷಿ ಒಪ್ಪದ ಕೆಲಸವನ್ನು ನಿರಾಕರಿಸುವ, ಕಂಡದ್ದನ್ನು ಕಂಡಂತೆ ಹೇಳುವ ನರ್ಸಿಗೆ ಕಾನೂನಿನ ರಕ್ಷಣೆ ಇಲ್ಲದಿರುವುದು ಇಡೀ ಸಮಾಜಕ್ಕೇ ಕಳಂಕವೆಂದು ಪ್ರತಿಪಾದಿಸಿದೆ. ಉದಾಹರಣೆಯಿಲ್ಲದ ವಾದ ಉಪ್ಪಿಲ್ಲದ ಸಾರು. ಆದ್ದರಿಂದ ಅಕ್ಕನ ಹೆಸರು, ಹುದ್ದೆ, ಶಿಬಿರದ ದಿನಾಂಕ ಎಲ್ಲವನ್ನೂ ಸೇರಿಸಿದೆ. ಡಾಕ್ಟರ ಹೆಸರನ್ನೂ ಬಿಡಲಿಲ್ಲ.

ರಕ್ಷಣೆ ಇಲ್ಲವೆಂಬ ನನ್ನ ವಾದವನ್ನು ಕಚೇರಿ ಒಂದೇ ತಿಂಗಳಲ್ಲಿ ಸಾಬೀತುಪಡಿಸಿತು. ಅಕ್ಕನಿಗೆ ದೂರದ ಗುಮ್ಮಳಾಪುರದ ಕಡೆಗೆ ವರ್ಗವಾಯಿತು. ವರ್ಗದ ಆದೇಶದ ಜೊತೆಗೆ ಡಾಕ್ಟರು ಆ ಮನವಿಯ ಪ್ರತಿಯನ್ನೂ ಅವಳ ಕೈಗಿಟ್ಟಿದ್ದರು.

"ಇದು ನಿಂದೇ ಕೆಲ್ಸ. ನಮ್ ಕಡೆ ಇನ್ಯಾರ್ಲಾ ಇಷ್ಟುದ್ದ ಬರಿಯೋರು?" ಎಂದಳು, ಟ್ರಂಕಿಗೆ ಸೀರೆ ತುಂಬುತ್ತ.

"ಅದು ತತ್ವದ ಪ್ರಶ್ನೆ ಅಕ್ಕಾ."

"ಇರ್ಲಿ ಬುಡು. ನಾನ್ ಮನೆಗ್ ಕಳ್ಸಿದ್ ವಯ್ಯ ಹೆಂಡ್ತಿ ಮಕ್ಕಳ ಜೊತೆ ಚೆಂದಾಗವ್ನೆ, ನಂಗಷ್ಟು ಸಾಕು. ಇದ್ರಾಗೆ ನನ್ ಹೆಸ್ರೈತೆ, ಡಾಕ್ಟ್ರುದೈತೆ. ನಿಂದೆಲ್ಲೈತ್ಲಾ? ನಂಗೆ ಕಣ್ಣು ಮಂಜು, ನೀನೇ ತೋರ್ಸು."

ಕೊನೆಯ ಪುಟದ ಕೆಳಗೆ 'ನೊಂದ ಪ್ರಜೆಯೊಬ್ಬ' ಎಂದಿತ್ತು. ಮೇಷ್ಟ್ರ ಕೆಲಸಕ್ಕೆ ಸಂಚಕಾರ ಬಂದೀತೆಂದು ಅಂಜಿಯೇ ನಾನು ಕೈಬರಹವನ್ನು ಬಿಟ್ಟು ಟೈಪಿನ ಮೊರೆ ಹೋಗಿದ್ದೆ.

ಅಕ್ಕ ಭಾನುವಾರ ಮಾತ್ರ ಮನೆಗೆ ಬರುವಂತಾದ್ದರಿಂದ, ವಾರಕ್ಕೆ ಆರು ದಿನ ನಾನೇ ಮುದ್ದೆ ತಿರುವಿ, ಗಂಟುಗಳ ಸಮೇತ ನುಂಗಿದೆ. ಮೊದಲ ಭಾನುವಾರ ಬಂದ ಅಕ್ಕ ಪಾತ್ರೆಯ ಮುಚ್ಚಳ ತೆಗೆದು, "ಯಾರ್ಲಾ ಮಾಡಿದ್ದು ಇದ್ನ?" ಎಂದಳು.

"ನಾನೇ," ಎಂದೆ. ಆ ವರ್ಷ ನನ್ನ ಸ್ವಂತ ಹೆಸರಿನಲ್ಲಿ ನಾನು ಒಪ್ಪಿಕೊಂಡ ಅನ್ಯಾಯ ಅದೊಂದೇ.